ಅಬೊರಿಜಿನಲ್ ಜನಕ್ಕೆ 50, ಉಳಿದೋರಿಗೆ 70: ನ್ಯುಮೋಕಾಕಲ್ ಲಸಿಕೆ ಬಗ್ಗೆ ನಿಮ್ಮ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ ನ್ಯುಮೋನಿಯಾ ಲಸಿಕೆ ಬಗ್ಗೆ ಬರೀತಾ, ಆಸ್ಟ್ರೇಲಿಯಾದಲ್ಲಿ ಅಲ್ಲಿನ ಮೂಲನಿವಾಸಿಗಳಾದ ಅಬೊರಿಜಿನಲ್ ಮತ್ತು ಟಾರೆಸ್ ಸ್ಟ್ರೇಟ್ ದ್ವೀಪದ ಜನಕ್ಕೆ ಈ ಲಸಿಕೆ 50 ವರ್ಷಕ್ಕೇ ಫ್ರೀ, ಉಳಿದೋರಿಗೆ 70 ಆದ್ಮೇಲೆ ಅಂತ ಒಂದು ಸಾಲು ಹಾಕಿದ್ದೆ. ಆ ಒಂದು ಸಾಲಿನ ಮೇಲೇ ಸುಮಾರು ಪತ್ರ, ಮೆಸೇಜು ಬಂದಿವೆ. ಬೇರೆ ಪ್ರಶ್ನೆಗಳನ್ನ ಮುಂದಿನ ಸಲಕ್ಕೆ ಇಟ್ಕೊಂಡು ಈ ಸಲ ಪೂರ್ತಿ ಇದಕ್ಕೇ ಬಿಟ್ಟಿದೀನಿ.

ಪ್ರಶ್ನೆ: ಒಂದೇ ದೇಶ, ಒಂದೇ ರೋಗ. ಜನಾಂಗ ನೋಡಿ ಲಸಿಕೆ ಕೊಡೋದು ಎಷ್ಟು ಸರಿ ಡಾಕ್ಟ್ರೇ? 70ರವರಿಗೆ ಕೊಡೋದನ್ನ ಕೆಲವರಿಗೆ ಮಾತ್ರ 50ಕ್ಕೇ ಕೊಟ್ರೆ ಉಳಿದೋರಿಗೆ ಅನ್ಯಾಯ ಅಲ್ವಾ? (ಓದುಗರು, ಬೆಂಗಳೂರು)

ಅನ್ಯಾಯ ಅಲ್ಲ, ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ. ನ್ಯುಮೋಕಾಕಸ್ ಅನ್ನೋ ಬ್ಯಾಕ್ಟೀರಿಯಾ ಎಲ್ಲ ದೇಶದಲ್ಲೂ ಇದೆ, ಚಿಕ್ಕ ಮಕ್ಕಳ ಮೂಗು ಗಂಟಲಲ್ಲಂತೂ ಸುಮ್ನೆ ಕೂತಿರತ್ತೆ, ಎಷ್ಟೋ ಸಲ ಏನೂ ಮಾಡಲ್ಲ, ಆದ್ರೆ ದಾರಿ ಸಿಕ್ಕಿದ್ರೆ ಕಿವಿಗೆ ಹೋಗಿ ಕೀವು ಸೋರಿಸತ್ತೆ, ಶ್ವಾಸಕೋಶಕ್ಕೆ ಇಳಿದ್ರೆ ನ್ಯುಮೋನಿಯಾ, ರಕ್ತಕ್ಕೋ ಮೆದುಳಿನ ಪೊರೆಗೋ ಸೇರಿದ್ರೆ ಜೀವಕ್ಕೇ ಸಂಚಕಾರ. ಈ ಕೊನೇ ತರದ್ದನ್ನ, ಅಂದ್ರೆ ರಕ್ತದಲ್ಲಿ ಅಥವಾ ಬೆನ್ನುಹುರಿ ನೀರಲ್ಲಿ ರೋಗಾಣು ಸಿಕ್ಕಿ ಖಾತ್ರಿ ಆಗಿದ್ದನ್ನ ಮಾತ್ರ, ಲೆಕ್ಕ ಇಟ್ಟು ನೋಡಿದಾಗ ಮಧ್ಯ ಆಸ್ಟ್ರೇಲಿಯಾದಲ್ಲಿ, ಆಲಿಸ್ ಸ್ಪ್ರಿಂಗ್ಸ್ ಸುತ್ತಮುತ್ತಲ ಮರುಭೂಮಿ ಪ್ರದೇಶದಲ್ಲಿ, 1980ರ ದಶಕದ ಕೊನೆಗೆ ಎರಡು ವರ್ಷದೊಳಗಿನ ಅಬೊರಿಜಿನಲ್ ಮಕ್ಕಳಲ್ಲಿ ವರ್ಷಕ್ಕೆ ಒಂದು ಲಕ್ಷಕ್ಕೆ 2000 ಮೀರಿ ಕೇಸು ಬರ್ತಿತ್ತು. ಅಂದ್ರೆ ನೂರು ಮಕ್ಕಳಿದ್ರೆ ವರ್ಷಕ್ಕೆ ಎರಡು ಮಕ್ಕಳು. ಜಗತ್ತಲ್ಲಿ ಎಲ್ಲೇ ಆಗ್ಲಿ ದಾಖಲಾದ ಪ್ರಮಾಣಗಳಲ್ಲಿ ಇದು ಅತಿ ಹೆಚ್ಚಿನ ಸಾಲಿಗೆ ಸೇರತ್ತೆ, ಅದೂ ಆಸ್ಟ್ರೇಲಿಯಾದಂಥ ಶ್ರೀಮಂತ ದೇಶದಲ್ಲಿ. ನನಗೆ ಇದನ್ನ ಓದಿದಾಗಲೆಲ್ಲ ಹೊಟ್ಟೆ ಉರಿಯತ್ತೆ.

ಇನ್ನು ದೊಡ್ಡವರ ವಿಷಯ. ಈ ಬ್ಯಾಕ್ಟೀರಿಯಾ ಹೆಚ್ಚು ಕಾಡೋದು ಶುಗರ್ ಇರೋರನ್ನ, ಕಿಡ್ನಿ ಸೋತೋರನ್ನ, ಶ್ವಾಸಕೋಶ ಕೆಟ್ಟಿರೋರನ್ನ, ಬೀಡಿ ಸಿಗರೇಟು ಸೇದೋರನ್ನ. ಅಬೊರಿಜಿನಲ್ ಸಮುದಾಯದಲ್ಲಿ ಈ ಕಾಯಿಲೆಗಳು ಉಳಿದವರಿಗಿಂತ ತುಂಬಾ ಬೇಗ, ಮೂವತ್ತು ನಲವತ್ತಕ್ಕೇ ಶುರುವಾಗ್ತವೆ. 2020ರಿಂದ 2022ರ ಲೆಕ್ಕ ನೋಡಿ, ಅಲ್ಲಿನ ಮೂಲನಿವಾಸಿ ಗಂಡಸರ ಸರಾಸರಿ ಆಯಸ್ಸು 71.9 ವರ್ಷ, ಹೆಂಗಸರದ್ದು 75.6, ಉಳಿದ ಆಸ್ಟ್ರೇಲಿಯನ್ನರಿಗಿಂತ ಎಂಟು ವರ್ಷಕ್ಕೂ ಜಾಸ್ತಿ ಕಡಿಮೆ. ಈಗ ನೀವೇ ಯೋಚನೆ ಮಾಡಿ, ಸರಾಸರಿ 72ಕ್ಕೆ ಸಾಯೋ ಗಂಡಸಿಗೆ 70ಕ್ಕೆ ಬನ್ನಿ ಇಂಜೆಕ್ಷನ್ ಕೊಡ್ತೀವಿ ಅಂದ್ರೆ ಅದು ಸಮಾನತೆ ಆಗತ್ತಾ? ರೋಗ ಯಾವ ವಯಸ್ಸಲ್ಲಿ ಹಿಡಿಯತ್ತೋ ಅದಕ್ಕಿಂತ ಮುಂಚೆ ಲಸಿಕೆ ಸಿಗಬೇಕು, ಆ ವಯಸ್ಸು ಇಬ್ಬರಿಗೂ ಬೇರೆ ಬೇರೆ, ಅಷ್ಟೇ ವಿಷಯ.

ಸರ್ಕಾರ ಇದನ್ನ ಒಪ್ಪಿಕೊಂಡು ಸುಮಾರು ವರ್ಷ ಆಯ್ತು. ಈ ರೋಗಾಣುವಿನ 23 ಬಗೆಗಳಿಗೆ ಕೆಲಸ ಮಾಡೋ ಹಳೇ ಲಸಿಕೆಯನ್ನ 50 ದಾಟಿದ ಮೂಲನಿವಾಸಿಗಳಿಗೆ, ಜೊತೆಗೆ 15ರಿಂದ 49ರೊಳಗೆ ಅಪಾಯದ ಕಾಯಿಲೆ ಇರೋರಿಗೆ, 1999ರಿಂದಲೇ ಫ್ರೀ ಕೊಡ್ತಾ ಬಂದರು. ಮಕ್ಕಳ ಹೊಸ ಲಸಿಕೆ ಬಂದಾಗಲೂ ಅಷ್ಟೇ, 2001ರಲ್ಲಿ ಮೊದಲು ಮೂಲನಿವಾಸಿ ಮಕ್ಕಳಿಗೆ ಮತ್ತು ಗಂಭೀರ ಕಾಯಿಲೆ ಇರೋ ಮಕ್ಕಳಿಗೆ ಕೊಟ್ಟು, ದೇಶದ ಎಲ್ಲ ಮಕ್ಕಳಿಗೂ ಕೊಡೋಕೆ ಶುರು ಮಾಡಿದ್ದು 2005ಕ್ಕೆ. ಯಾರಿಗೆ ಜಾಸ್ತಿ ಬೇಕೋ ಅವರಿಗೆ ಮೊದಲು ಅನ್ನೋದು ಅಲ್ಲಿ ಬರೀ ಭಾಷಣದಲ್ಲಿ ಉಳೀಲಿಲ್ಲ, ನಾಲ್ಕು ವರ್ಷ ಮುಂಚೆ ಸಿರಿಂಜಲ್ಲಿ ಬಂತು, ಇದಕ್ಕೆ ಅವರನ್ನ ಮೆಚ್ಚಲೇಬೇಕು.

ಪ್ರಶ್ನೆ: ನಾನು ಬಿಎಸ್ಸಿ ನರ್ಸಿಂಗ್ ಓದ್ತಿದೀನಿ ಮೇಡಂ. ಫ್ರೀ ಅಂತ ಘೋಷಣೆ ಮಾಡೋದು ಬೇರೆ, ನಿಜವಾಗ್ಲೂ ಎಷ್ಟು ಜನ ಹಾಕಿಸ್ಕೋತಾರೆ ಅನ್ನೋದು ಬೇರೆ ಅಲ್ವಾ. ಅಬೊರಿಜಿನಲ್ ಜನ ಮತ್ತು ಉಳಿದೋರಲ್ಲಿ ಯಾರ ಕವರೇಜ್ ಜಾಸ್ತಿ? (ಮೈಸೂರು)

ತುಂಬಾ ಒಳ್ಳೇ ಪ್ರಶ್ನೆ ಕಣಮ್ಮ, ಆದ್ರೆ ಉತ್ತರ ಒಂದೇ ಸಾಲಲ್ಲಿ ಇಲ್ಲ. ಮಕ್ಕಳದ್ದು ಒಂದು ಕಥೆ, ದೊಡ್ಡವರದ್ದು ಇನ್ನೊಂದು.

ಮಕ್ಕಳ ಲೆಕ್ಕಕ್ಕೆ ಅಲ್ಲಿ 1996ರಿಂದಲೇ ರಾಷ್ಟ್ರೀಯ ರಿಜಿಸ್ಟರ್ ಇದೆ, ಯಾವ ಮಗುಗೆ ಯಾವ ದಿನ ಯಾವ ಡೋಸ್ ಅಂತ ಅದರಲ್ಲಿ ಏರತ್ತೆ. 2020ರ ಹೊತ್ತಿಗೆ ಐದು ವರ್ಷ ತುಂಬಿದ ಮೂಲನಿವಾಸಿ ಮಕ್ಕಳಲ್ಲಿ ಆ ವಯಸ್ಸಿಗೆ ಬೇಕಾದ ಲಸಿಕೆ ಎಲ್ಲಾ ಮುಗಿಸಿದವರು ಶೇ. 97ರ ಆಸುಪಾಸು, ಉಳಿದ ಮಕ್ಕಳಿಗಿಂತ ಎರಡು ಅಂಶ ಮುಂದೆ! ಕೋವಿಡ್ ಆದ್ಮೇಲೆ ಎರಡೂ ಕಡೆ ಇಳಿದಿದೆ, ಅದು ಬೇರೆ ಚಿಂತೆ. "ಮೂಲನಿವಾಸಿಗಳು ಲಸಿಕೆ ಅಂದ್ರೆ ಹೆದರ್ತಾರೆ, ಓಡಿಹೋಗ್ತಾರೆ" ಅಂತ ತಿಳ್ಕೊಂಡಿರೋರು ಈ ಅಂಕಿಯನ್ನ ಒಂದ್ಸಲ ನೋಡಬೇಕು.

ಆದ್ರೆ ಇಲ್ಲೇ ನೀನು ಹುಷಾರಾಗಿರಬೇಕು. ಅದೇ ರಿಜಿಸ್ಟರಲ್ಲಿ ಒಂದು ವರ್ಷ ತುಂಬಿದ ಮಕ್ಕಳನ್ನ ನೋಡಿದ್ರೆ ಮೂಲನಿವಾಸಿ ಮಕ್ಕಳು ಸ್ವಲ್ಪ ಹಿಂದೆ ಇದಾರೆ. ಅಂದ್ರೆ ಎಲ್ಲರೂ ಕೊನೆಗೆ ಹಾಕಿಸ್ಕೋತಾರೆ, ತಡವಾಗಿ ಹಾಕಿಸ್ಕೋತಾರೆ. ಬೇರೆ ಲಸಿಕೆಗಳಲ್ಲಿ ಎರಡು ತಿಂಗಳ ತಡ ಅಂದ್ರೆ ಅಷ್ಟಾಗಿ ಗೊತ್ತಾಗದೇ ಇರಬಹುದು, ನ್ಯುಮೋಕಾಕಸ್ ವಿಷಯದಲ್ಲಿ ಹಾಗಲ್ಲ. ಉತ್ತರ ಆಸ್ಟ್ರೇಲಿಯಾದ ಡಾರ್ವಿನ್ ನಗರದ ಮೆನ್ಜೀಸ್ ಆರೋಗ್ಯ ಸಂಶೋಧನಾ ಸಂಸ್ಥೆಯವರು ದೂರದ ಹಳ್ಳಿಗಳ ಕೂಸುಗಳನ್ನ ಹುಟ್ಟಿದಾಗಿಂದ ಹಿಂಬಾಲಿಸಿ ಮೂಗಿನ ಸ್ವಾಬ್ ತೆಗೆದು ನೋಡಿದ್ರು, ಹುಟ್ಟಿದ ಕೆಲವೇ ವಾರಕ್ಕೆ ಈ ಬ್ಯಾಕ್ಟೀರಿಯಾ ಮೂಗಲ್ಲಿ ಬಂದು ಕೂತಿರ್ತಿತ್ತು, ಮೂರು ತಿಂಗಳೊಳಗೇ ಕಿವಿ ಒಳಗೆ ನೀರು ಕಟ್ಟೋದು ಶುರು. ಮೊದಲ ಡೋಸ್ ಇರೋದೇ ಎರಡು ತಿಂಗಳಿಗೆ. ಹಾಗಾಗಿ ಎರಡು ತಿಂಗಳ ಡೋಸ್ ನಾಲ್ಕಕ್ಕೆ ಹೋದ್ರೆ, ನಾಲ್ಕರದ್ದು ಏಳಕ್ಕೆ ಹೋದ್ರೆ, ಐದು ವರ್ಷಕ್ಕೆ ಕಾರ್ಡು ಪೂರ್ತಿ ತುಂಬಿದ್ರೂ ಆ ಮಗು ಅತಿ ಅಪಾಯದ ದಿನಗಳನ್ನ ರಕ್ಷಣೆ ಇಲ್ಲದೇ ಕಳೆದಿರತ್ತೆ. ಪರೀಕ್ಷೆಗೆ ಕವರೇಜ್ ಅಂತ ಬರೆಯುವಾಗ "ಯಾವ ವಯಸ್ಸಿಗೆ" ಅಂತ ಯಾವತ್ತೂ ಪಕ್ಕದಲ್ಲಿ ಬರಿ.

ಗರ್ಭಿಣಿಗೇ ಕೊಟ್ಟು ಬಿಟ್ರೆ ತಾಯಿಯ ರಕ್ಷಣೆ ಮಗುಗೆ ಬರಬಹುದಲ್ಲ ಅಂತ ಅದೇ ಡಾರ್ವಿನ್‌ನಲ್ಲಿ ಒಂದು ಪ್ರಯೋಗವೂ ನಡೀತು. ಮಕ್ಕಳ ಕಿವಿ ಸಮಸ್ಯೆ ಹೇಳಿಕೊಳ್ಳುವಷ್ಟು ಕಡಿಮೆ ಆಗಲಿಲ್ಲ. ಹಾಗಾಗಿ ಸಮಯಕ್ಕೆ ಸರಿಯಾಗಿ ಮಗುಗೇ ಕೊಡೋದೇ ಸದ್ಯಕ್ಕಿರೋ ದಾರಿ. ಕ್ವೀನ್ಸ್‌ಲ್ಯಾಂಡ್, ನಾರ್ದರ್ನ್ ಟೆರಿಟರಿ, ಪಶ್ಚಿಮ ಮತ್ತು ದಕ್ಷಿಣ ಆಸ್ಟ್ರೇಲಿಯಾ, ಈ ನಾಲ್ಕು ಕಡೆ ಮೂಲನಿವಾಸಿ ಮಕ್ಕಳಿಗೆ 2, 4, 12 ತಿಂಗಳ ಮಾಮೂಲಿ ಡೋಸ್ ಜೊತೆ ಆರು ತಿಂಗಳಿಗೆ ಇನ್ನೊಂದು ಡೋಸ್ ಇಟ್ಟಿದ್ದೂ ಇದೇ ಕಾರಣಕ್ಕೆ.

ದೊಡ್ಡವರ ಕಥೆ ಬೇಜಾರಿನದ್ದು. 2004-05ರ ಆರೋಗ್ಯ ಸಮೀಕ್ಷೆಯಲ್ಲಿ 50 ದಾಟಿದ ಮೂಲನಿವಾಸಿಗಳಲ್ಲಿ ಈ ಲಸಿಕೆ ಹಾಕಿಸ್ಕೊಂಡಿದೀನಿ ಅಂದೋರು ಮೂರರಲ್ಲಿ ಒಬ್ಬರು. ಎಂಟು ವರ್ಷ ಬಿಟ್ಟು 2012-13ರಲ್ಲಿ ಕೇಳಿದಾಗ ಏರೋ ಬದಲು ಇನ್ನೂ ಸ್ವಲ್ಪ ಇಳಿದಿತ್ತು. ಅದೇ ಜನ, ಅದೇ ಕ್ಲಿನಿಕ್, ಫ್ಲೂ ಲಸಿಕೆ ಮಾತ್ರ ಅರ್ಧಕ್ಕಿಂತ ಹೆಚ್ಚು ಜನ ಹಾಕಿಸ್ಕೊಂಡಿದ್ರು! ಅಂದ್ರೆ ಜನ ಕ್ಲಿನಿಕ್ಕಿಗೆ ಬಂದಿದ್ರು, ತೋಳೂ ಕೊಟ್ಟಿದ್ರು, ಇನ್ನೊಂದು ಲಸಿಕೆಯೂ ಇದೆ ಅಂತ ಹೇಳೋರು ಇರಲಿಲ್ಲ ಅಥವಾ ಹೇಳೋಕೆ ಮರೆತ್ರು. ಫ್ಲೂಗೆ ಪ್ರತಿ ವರ್ಷ ಚಳಿಗಾಲಕ್ಕೆ ಮುಂಚೆ ಪ್ರಚಾರ ಇರತ್ತೆ, ಇದಕ್ಕೆ ಸೀಸನ್ ಅಂತ ಇಲ್ಲ, ಯಾರ ನೆನಪಿಗೂ ಬರಲ್ಲ. ಮೂಲನಿವಾಸಿಗಳಲ್ಲದ ಹಿರಿಯರಲ್ಲೂ ಫ್ಲೂಗಿಂತ ಇದು ಹಿಂದೇನೇ ಇರೋದು, ಅವರೂ ಇದರಲ್ಲಿ ಅಂಥಾ ಮಾದರಿ ಏನಲ್ಲ. ಜೊತೆಗೆ ಡೋಸ್ ಲೆಕ್ಕ ಗೋಜಲು, 2020ರ ಜುಲೈನಲ್ಲಿ ಬಂದ ಕ್ರಮದ ಪ್ರಕಾರ 50 ಆದ ಅಬೊರಿಜಿನಲ್ ವ್ಯಕ್ತಿಗೆ ಮೊದಲು 13 ಬಗೆಯದ್ದು ಒಂದು, ಆಮೇಲೆ ವರ್ಷದೊಳಗೆ 23 ಬಗೆಯದ್ದು ಒಂದು, ಕನಿಷ್ಠ ಐದು ವರ್ಷ ಬಿಟ್ಟು ಅದರದ್ದೇ ಇನ್ನೊಂದು, ಉಳಿದೋರಿಗೆ 70ಕ್ಕೆ ಒಂದೇ ಒಂದು. ಹೆಚ್ಚು ಬೇಕಾದವರಿಗೇ ಹೆಚ್ಚು ತೊಡಕು. ಐದು ವರ್ಷದ ಹಿಂದೆ ಬೇರೆ ಊರಿನ ಕ್ಲಿನಿಕಲ್ಲಿ ಏನು ಹಾಕಿದ್ರು ಅಂತ ಯಾರಿಗೆ ನೆನಪಿರತ್ತೆ ಹೇಳಿ, ಆಸ್ಟ್ರೇಲಿಯಾದ ರಿಜಿಸ್ಟರ್ ದೊಡ್ಡವರನ್ನೂ ಸೇರಿಸ್ಕೊಂಡಿದ್ದೇ 2016ರಲ್ಲಿ, ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಕೊಟ್ಟ ಪ್ರತಿ ಲಸಿಕೆಯನ್ನೂ ಅದರಲ್ಲಿ ಏರಿಸಲೇಬೇಕು ಅಂತ ಕಾನೂನು ಬಂದಿದ್ದು 2021ರಲ್ಲಿ.

ಪ್ರಶ್ನೆ: ನಮ್ಮೂರು ಹಾಸನ, ಆರು ವರ್ಷದಿಂದ ಮೆಲ್ಬರ್ನ್‌ನಲ್ಲಿದೀವಿ. ಇಲ್ಲಿ ಯಾವ ಜಿಪಿ (ಫ್ಯಾಮಿಲಿ ಡಾಕ್ಟರ) ಕ್ಲಿನಿಕ್ಕಿಗೆ ಹೋದ್ರೂ ಫಾರ್ಮಲ್ಲಿ "ನೀವು ಅಬೊರಿಜಿನಲ್ ಅಥವಾ ಟಾರೆಸ್ ಸ್ಟ್ರೇಟ್ ದ್ವೀಪದ ಮೂಲದವರಾ" ಅಂತ ಕೇಳ್ತಾರೆ. ನನ್ನ ಹೆಸರು ನೋಡಿದ್ರೇ ಗೊತ್ತಾಗತ್ತಲ್ಲ, ಮತ್ಯಾಕೆ ಕೇಳೋದು? ಒಂಥರಾ ಮುಜುಗರ ಆಗತ್ತೆ.

ಮುಜುಗರ ಪಟ್ಕೋಬೇಡಿ, ಎಲ್ಲರಿಗೂ ಕೇಳಲೇಬೇಕು ಅಂತ ಅಲ್ಲಿ ನಿಯಮ ಇದೆ, ಅದು ಒಳ್ಳೇ ನಿಯಮ. ಮುಖ ನೋಡಿ, ಬಣ್ಣ ನೋಡಿ, ಹೆಸರು ನೋಡಿ ಗೊತ್ತಾಗಲ್ಲ, ಬೆಳ್ಳಗಿರೋ ನೀಲಿ ಕಣ್ಣಿನ ಅಬೊರಿಜಿನಲ್ ಜನ ಬೇಕಾದಷ್ಟಿದಾರೆ, ಎಷ್ಟೋ ಜನ ಸಿಡ್ನಿ ಮೆಲ್ಬರ್ನ್ ಬಡಾವಣೆಗಳಲ್ಲಿ ನಿಮ್ಮ ಪಕ್ಕದ ಮನೆಯಲ್ಲೇ ಇರ್ತಾರೆ. ನೀವು ಒಂದು ಸೆಕೆಂಡಲ್ಲಿ "ಅಲ್ಲ" ಅಂತ ಟಿಕ್ ಮಾಡಿ ಮುಂದೆ ಹೋಗ್ತೀರಿ. ಆದ್ರೆ ನಿಮ್ಮ ಹಿಂದೆ ಕ್ಯೂನಲ್ಲಿ 52 ವರ್ಷದ ಒಬ್ಬ ಅಬೊರಿಜಿನಲ್ ಹೆಂಗಸು ಇದಾರೆ ಅಂದ್ಕೊಳ್ಳಿ, ರಿಸೆಪ್ಷನಲ್ಲಿ ಕೇಳಲಿಲ್ಲ ಅಂದ್ರೆ ಡಾಕ್ಟರ ಕಂಪ್ಯೂಟರಲ್ಲಿ ಆಕೆಗೆ ಆ ಲಸಿಕೆ ಬಾಕಿ ಇದೆ ಅಂತ ತೋರಿಸೋದೇ ಇಲ್ಲ, 70 ಆಗ್ಲಿ ಅಂತ ಸುಮ್ನಿರತ್ತೆ. ಆ ಒಂದು ಟಿಕ್ ಮೇಲೆ ಹದಿನೆಂಟು ವರ್ಷದ ರಕ್ಷಣೆ ನಿಂತಿದೆ.

ಇನ್ನೊಂದು ಕಡೆಯಿಂದಲೂ ಯೋಚಿಸಿ. ಕೇಳಿದ್ರೂ ಎಲ್ಲರೂ ಹೌದು ಅಂತ ಹೇಳಲ್ಲ. ಸುಮಾರು 1910ರಿಂದ 1970ರವರೆಗೆ ಅಲ್ಲಿನ ಸರ್ಕಾರಗಳು, ಚರ್ಚಿನ ಮಿಷನ್ನುಗಳು ಅಬೊರಿಜಿನಲ್ ಮಕ್ಕಳನ್ನ ಅಪ್ಪ ಅಮ್ಮನಿಂದ ಕಿತ್ತುಕೊಂಡು ಹೋಗಿ ಬೇರೆ ಕಡೆ ಬೆಳೆಸಿದ್ವು. ಪ್ರಧಾನಿ ಕೆವಿನ್ ರಡ್ ಇದಕ್ಕೆ ಸಂಸತ್ತಲ್ಲಿ ಕ್ಷಮೆ ಕೇಳಿದ್ದು 2008ರ ಫೆಬ್ರವರಿ 13ರಂದು. ಇವತ್ತು 60, 70 ಆಗಿರೋ ಅಜ್ಜಿಯರಲ್ಲಿ ಹಾಗೆ ಕಿತ್ತುಕೊಂಡು ಹೋದ ಮಕ್ಕಳೇ ಇದಾರೆ, ಸರ್ಕಾರಿ ಫಾರ್ಮಲ್ಲಿ "ನೀವು ಅಬೊರಿಜಿನಲ್ಲಾ" ಅಂತ ಕೇಳಿದ ತಕ್ಷಣ ಅವರ ಕೈ ತಡೆಯತ್ತೆ, ಯಾಕೆ ತಡೀಬಾರದು? ಹಾಗಾಗಿ ಯಾಕೆ ಕೇಳ್ತಿದೀವಿ ಅಂತ ಕಾರಣ ಹೇಳಿ, ಮರ್ಯಾದೆಯಿಂದ, ಎಲ್ಲರಿಗೂ ಒಂದೇ ತರ ಕೇಳೋದು ತುಂಬಾ ಮುಖ್ಯ. ಅಂಕಿ ಅಂಶದಲ್ಲೂ ಇದರ ಪೆಟ್ಟು ಬೀಳತ್ತೆ, ಟಿಕ್ ಮಾಡದವರು "ಉಳಿದವರ" ಲೆಕ್ಕಕ್ಕೆ ಹೋಗ್ತಾರೆ, ಎರಡೂ ಗುಂಪಿನ ಕವರೇಜು ಅಷ್ಟರಮಟ್ಟಿಗೆ ತಪ್ಪಾಗತ್ತೆ.

ಪ್ರಶ್ನೆ: ಅವರಿಗೆ ಹುಟ್ಟಿನಿಂದಲೇ ರೋಗ ನಿರೋಧಕ ಶಕ್ತಿ ಕಡಿಮೆ ಇರಬೇಕು ಅನ್ಸತ್ತೆ. 2001ರಿಂದ ಲಸಿಕೆ ಕೊಟ್ರೂ ಇನ್ನೂ ರೋಗ ಇದೆ ಅಂದ್ರೆ ಮತ್ತೇನು ಕಾರಣ? (ಧಾರವಾಡ)

ಕಾರಣ ಮನೆಗಳಲ್ಲಿದೆ ಸರ್, ರಕ್ತದಲ್ಲಿ ಹುಡುಕೋದು ಬೇಡ. ಮಧ್ಯ ಆಸ್ಟ್ರೇಲಿಯಾದ ಮಕ್ಕಳ ನ್ಯುಮೋಕಾಕಸ್ ಲೆಕ್ಕ ಮೇಲೆ ಹೇಳಿದ್ನಲ್ಲ, ಅದನ್ನ ಬರೆದ ಡಾಕ್ಟರುಗಳಲ್ಲಿ ಪಾಲ್ ಟೊರ್ಜಿಲೊ ಅನ್ನೋರು ಮುಖ್ಯರು, ಶ್ವಾಸಕೋಶದ ತಜ್ಞರು. ಇವರೇ 1980ರ ದಶಕದಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಪಿಟ್ಜಂಟ್ಜಾರಾ ಅನ್ನೋ ಅಬೊರಿಜಿನಲ್ ಜನರ ಸ್ವಂತ ಆರೋಗ್ಯ ಸಂಸ್ಥೆ ಕೇಳಿಕೊಂಡಿದ್ದಕ್ಕೆ ಆರ್ಕಿಟೆಕ್ಟ್ ಪಾಲ್ ಫೊಲೆರೊಸ್ ಮತ್ತು ಪರಿಸರ ಆರೋಗ್ಯದ ಸ್ಟೀಫನ್ ರೈನೋ ಜೊತೆ ಸೇರಿ ಒಂದು ಪ್ರಶ್ನೆ ಹಿಡಿದು ಹೊರಟರು, ಚಿಕ್ಕ ಮಕ್ಕಳು ಕಾಯಿಲೆ ಬೀಳದೇ ಇರೋಕೆ ಮನೆಯಲ್ಲಿ ಏನೇನು ಇರಬೇಕು? 1987ರಲ್ಲಿ ಅವರು ಒಂಬತ್ತು ಅಂಶದ ಪಟ್ಟಿ ಕೊಟ್ಟರು, ಅದರಲ್ಲಿ ಮೊದಲನೇದು ಐದು ವರ್ಷದೊಳಗಿನ ಮಗುಗೆ ದಿನಕ್ಕೊಂದ್ಸಲ ಸ್ನಾನ ಮಾಡಿಸೋಕೆ ಆಗಬೇಕು. ಕೇಳೋಕೆ ಎಷ್ಟು ಸಣ್ಣದು! ಆದ್ರೆ ಮನೆ ಮನೆಗೆ ಹೋಗಿ ನಲ್ಲಿ ತಿರುಗಿಸಿ, ಸ್ವಿಚ್ ಹಾಕಿ, ನೀರು ಬಿಟ್ಟು ಮೋರಿಗೆ ಹೋಗತ್ತಾ ನೋಡಿ ಪರೀಕ್ಷೆ ಮಾಡಿದ್ರೆ ಎಷ್ಟೋ ಮನೆಗಳಲ್ಲಿ ಕೆಲಸ ಮಾಡೋ ಶವರೇ ಇರಲಿಲ್ಲ, ಬಿಸಿನೀರು ಇರಲಿಲ್ಲ. ಆಮೇಲಿನ ವರ್ಷಗಳಲ್ಲಿ ಸಾವಿರಾರು ಮನೆ ಹೀಗೆ ಪರೀಕ್ಷೆ ಆದವು, ಕೆಟ್ಟು ಹೋಗಿದ್ದರಲ್ಲಿ ಮನೆಯವರು ಹಾಳು ಮಾಡಿದ್ದು ಹತ್ತರಲ್ಲಿ ಒಂದಕ್ಕಿಂತ ಕಡಿಮೆ, ಉಳಿದಿದ್ದೆಲ್ಲ ಕಟ್ಟುವಾಗಲೇ ಕೆಟ್ಟದಾಗಿ ಕಟ್ಟಿದ್ದು ಅಥವಾ ರಿಪೇರಿಗೆ ಯಾರೂ ಬರದೇ ಇದ್ದದ್ದು. "ಅವರಿಗೆ ಮನೆ ಇಟ್ಕೊಳ್ಳೋಕೆ ಬರಲ್ಲ" ಅನ್ನೋ ಮಾತು ಅಲ್ಲಿಗೆ ಮುಗೀತು. ನ್ಯೂ ಸೌತ್ ವೇಲ್ಸ್‌ನಲ್ಲಿ ಹತ್ತು ವರ್ಷ ಈ ರಿಪೇರಿ ಕೆಲಸ ಮಾಡಿ 2010ರಲ್ಲಿ ಲೆಕ್ಕ ಹಾಕಿದಾಗ, ರಿಪೇರಿ ಆದ ಮನೆಗಳ ಜನ ಸೋಂಕು ರೋಗಕ್ಕೆ ಆಸ್ಪತ್ರೆ ಸೇರೋದು, ರಿಪೇರಿ ಆಗದ ಗ್ರಾಮೀಣ ಅಬೊರಿಜಿನಲ್ ಜನಕ್ಕೆ ಹೋಲಿಸಿದ್ರೆ ಶೇ. 40ರಷ್ಟು ಕಡಿಮೆ ಆಗಿತ್ತು.

ಒಂದು ಮೂರು ರೂಮಿನ ಮನೆಯಲ್ಲಿ ಹತ್ತು ಹನ್ನೆರಡು ಜನ ಮಲಗಿದ್ರೆ, ಒಂದು ಮಗುವಿನ ಸಿಂಬಳ ಇನ್ನೊಂದಕ್ಕೆ ತಾಗದೇ ಇರತ್ತಾ? ಯಾವ ಜನಾಂಗದವರನ್ನ ಅಲ್ಲಿಟ್ರೂ ಇದೇ ಆಗೋದು.

ಇನ್ನು ಲಸಿಕೆಯ ಮಿತಿನೂ ಇದೆ. ಈ ಬ್ಯಾಕ್ಟೀರಿಯಾ ಮೇಲೆ ಸಕ್ಕರೆ ಅಂಶದ ಒಂದು ಕವಚ ಇರತ್ತೆ, ಕವಚದ ಪ್ರಕಾರ ಇದರಲ್ಲಿ ನೂರರಷ್ಟು ಬಗೆ. 2001ರ ಮೊದಲ ಮಕ್ಕಳ ಲಸಿಕೆ ಅದರಲ್ಲಿ ಏಳಕ್ಕೆ ಮಾತ್ರ. ಆ ಏಳು ಬಗೆ ಮೂಲನಿವಾಸಿ ಮಕ್ಕಳಲ್ಲೂ ಚೆನ್ನಾಗೇ ಇಳಿದವು, ಆದ್ರೆ ಅಲ್ಲಿ ರೋಗ ತರ್ತಿದ್ದ ಬಗೆಗಳು ಮೊದಲಿಂದಲೇ ಜಾಸ್ತಿ, ಹಾಗಾಗಿ ಉಳಿದ ಮಕ್ಕಳಿಗೆ ಆದಷ್ಟು ಲಾಭ ಇವರಿಗೆ ಆಗಲಿಲ್ಲ. 2011ರಲ್ಲಿ 13 ಬಗೆಯದ್ದು ಬಂದಮೇಲೆ ಇನ್ನಷ್ಟು ಸುಧಾರಿಸಿತು.

ಪ್ರಶ್ನೆ: ನಾನು ಕಲಬುರಗಿ ಜಿಲ್ಲೆಯ ಆಶಾ ಕಾರ್ಯಕರ್ತೆ. ಗುರುವಾರ ಲಸಿಕೆಗೆ ಬರ್ರಿ ಅಂತ ಮನಿ ಮನಿಗೆ ಹೋಗಿ ಹೇಳಬೇಕು. ಗುಳೆ ಹೋದೋರ ಮಕ್ಕಳು ತಪ್ಪೇ ಹೋಗ್ತಾವ. ಅಲ್ಲಿ ಅಷ್ಟು ದೂರದ ಊರಾಗ ಹೆಂಗ ಹುಡುಕ್ತಾರ್ರೀ?

ನಿಮ್ಮಂಥೋರೇ ಹುಡುಕ್ತಾರೆ ಅಕ್ಕ, ಅಷ್ಟೇ ಉತ್ತರ. ಅಲ್ಲಿ ಅಬೊರಿಜಿನಲ್ ಜನರೇ ಕಟ್ಟಿ ನಡೆಸೋ ಕ್ಲಿನಿಕ್ಕುಗಳಿವೆ, ಮೊದಲನೇದು ಸಿಡ್ನಿಯ ರೆಡ್‌ಫರ್ನ್‌ನಲ್ಲಿ 1971ರಲ್ಲಿ ಶುರುವಾಗಿದ್ದು, ಈಗ ದೇಶದ ತುಂಬಾ ಇವೆ. ಅಲ್ಲಿನ ಆರೋಗ್ಯ ಕಾರ್ಯಕರ್ತೆ ಅದೇ ಸಮುದಾಯದವಳು, ಯಾರ ಮಗು ಯಾವ ಅಜ್ಜಿ ಮನೆಯಲ್ಲಿದೆ, ಯಾರು ಸಾವಿನ ಕಾರ್ಯಕ್ಕೆ ಅಂತ ಮುನ್ನೂರು ಕಿಲೋಮೀಟರ್ ಆಚೆ ಹೋಗಿದಾರೆ ಅಂತ ಅವಳಿಗೆ ಗೊತ್ತಿರತ್ತೆ.

ಒಂದು ಉಪಾಯ ನಿಮಗೂ ಉಪಯೋಗ ಆಗಬಹುದು. ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 2012ರಿಂದ ಲಸಿಕೆಗೆ ಅಂತಲೇ ಅಬೊರಿಜಿನಲ್ ಕಾರ್ಯಕರ್ತೆಯರನ್ನ ಇಟ್ಟರು. ಅವರು ಲಸಿಕೆ ತಪ್ಪಿದ ಮೇಲೆ ಹುಡುಕೋಕೆ ಹೋಗ್ತಿರಲಿಲ್ಲ, ದಿನ ಬರೋಕೆ ಮುಂಚೇನೇ ತಾಯಿಗೆ ಫೋನ್ ಮಾಡ್ತಿದ್ರು. ಮಗು ಹೇಗಿದೆ, ಬರೋಕೆ ಗಾಡಿ ಇದೆಯಾ, ಮನೆ ಬದಲಾಯ್ತಾ, ದೊಡ್ಡ ಮಗನನ್ನ ಯಾರು ನೋಡ್ಕೋತಾರೆ ಅಂತೆಲ್ಲ ಕೇಳಿ, ಆಮೇಲೆ ಲಸಿಕೆ ಮಾತು. ಆ ರಾಜ್ಯದಲ್ಲಿ ಒಂದು ವರ್ಷದ ಅಬೊರಿಜಿನಲ್ ಮಕ್ಕಳ ಕವರೇಜು ಉಳಿದ ಮಕ್ಕಳ ಸಮಕ್ಕೆ ಬಂತು. ತಡ ಆಗೋದೇ ರೋಗಕ್ಕೆ ದಾರಿ ಅಂತ ಮೇಲೆ ಹೇಳಿದೆನಲ್ಲ, ಅದಕ್ಕೆ ಸರಿಯಾದ ಮದ್ದು ಇದು. ನಮ್ಮಲ್ಲೂ ಮಕ್ಕಳಿಗೆ ನ್ಯುಮೋಕಾಕಸ್ ತಡೆಯೋ ಪಿಸಿವಿ ಲಸಿಕೆ 2017ರಲ್ಲಿ ಹಿಮಾಚಲ, ಬಿಹಾರ, ಉತ್ತರ ಪ್ರದೇಶದ ಕಡೆ ಶುರುವಾಗಿ 2021ರಲ್ಲಿ ಇಡೀ ದೇಶಕ್ಕೆ ಬಂತು, ಒಂದೂವರೆ ತಿಂಗಳು, ಮೂರೂವರೆ ತಿಂಗಳು, ಒಂಬತ್ತು ತಿಂಗಳಿಗೆ ಅಂತ ನಿಮ್ಮ ಕೈಯಲ್ಲಿರೋ ತಾಯಿ ಕಾರ್ಡಲ್ಲೇ ಇದೆ. ಗುಳೆ ಹೋಗೋ ಮನೆಗಳ ಫೋನ್ ನಂಬರು ಹೋಗೋಕೆ ಮುಂಚೆ ಬರ್ಕೊಂಡು, ಮುಂದಿನ ಡೋಸಿಗೆ ವಾರ ಇರೋವಾಗ ಒಂದು ಕರೆ ಮಾಡಿ, ಅವರಿರೋ ಊರಲ್ಲೇ ಸರ್ಕಾರಿ ಆಸ್ಪತ್ರೆಯಲ್ಲಿ ಕಾರ್ಡು ತೋರಿಸಿ ಹಾಕಿಸ್ಲಿಕ್ಕೆ ಹೇಳಿ. ನಿಮಗೆ ಆ ಫೋನಿನ ಕರೆನ್ಸಿ ದುಡ್ಡು ಯಾರು ಕೊಡ್ತಾರೆ ಅನ್ನೋದು ನ್ಯಾಯವಾದ ಪ್ರಶ್ನೆ, ಅಲ್ಲಿ ಅದು ಸಂಬಳ ಇರೋ ಕೆಲಸ, ಇಲ್ಲೂ ಹಾಗೇ ಆಗಬೇಕು.

ಪ್ರಶ್ನೆ: ಸಿಡ್ನಿಯಲ್ಲಿದೀನಿ. ನನ್ನ ಅತ್ತೆ ಮಾವ ಇಲ್ಲೇ ಪರ್ಮನೆಂಟ್ ಆಗಿ ಬಂದಿದಾರೆ, ಮಾವನಿಗೆ 71, ಅತ್ತೆಗೆ 66. ನನ್ನ ಅಪ್ಪ ಅಮ್ಮ ವಿಸಿಟರ್ ವೀಸಾದಲ್ಲಿ ಆರು ತಿಂಗಳಿಗೆ ಬರ್ತಿದಾರೆ. ಇವರಲ್ಲಿ ಯಾರಿಗೆ ಫ್ರೀ?

ನಿಮ್ಮ ಮಾವನಿಗೆ ಮೆಡಿಕೇರ್ (ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ) ಕಾರ್ಡ್ ಇದ್ರೆ 70 ದಾಟಿರೋದ್ರಿಂದ ಫ್ರೀ. ಅತ್ತೆಗೆ ಬರೀ ವಯಸ್ಸಿನ ಲೆಕ್ಕದಲ್ಲಿ ಇನ್ನೂ ಇಲ್ಲ, ಆದ್ರೆ ಕೆಲವು ಗಂಭೀರ ಕಾಯಿಲೆ ಇದ್ರೆ ಯಾವ ವಯಸ್ಸಿಗಾದ್ರೂ ಫ್ರೀ ಸಿಗತ್ತೆ, ಅವರಿಗಿರೋ ಕಾಯಿಲೆ, ತಗೊಳ್ಳೋ ಮಾತ್ರೆ ಎಲ್ಲ ಬರ್ಕೊಂಡು ಹೋಗಿ ಜಿಪಿ ಹತ್ರ ಕೇಳಿ. ಅಪ್ಪ ಅಮ್ಮ ವಿಸಿಟರ್ ಆಗಿರೋದ್ರಿಂದ ಅವರಿಗೆ ಅಲ್ಲಿ ಫ್ರೀ ಇಲ್ಲ, ದುಡ್ಡು ಕೊಟ್ಟು ಹಾಕಿಸ್ಬಹುದು, ಅದರ ಬದಲು ಊರಿಂದ ಹೊರಡೋಕೆ ಕೆಲವು ವಾರ ಮುಂಚೆ ಇಲ್ಲೇ ತಮ್ಮ ಡಾಕ್ಟರ ಹತ್ರ ಹಾಕಿಸ್ಕೊಂಡು ಬಂದ್ರೆ ಒಳ್ಳೇದು. ಈಗ 15, 20 ಬಗೆಯ ಹೊಸ ಲಸಿಕೆಗಳೂ ಬಂದಿವೆ, ಯಾವುದು ಹಾಕಿದ್ರು, ಯಾವ ತಾರೀಕು ಅಂತ ಚೀಟಿಯಲ್ಲಿ ಬರೆಸ್ಕೊಂಡು ಪಾಸ್‌ಪೋರ್ಟ್ ಜೊತೆ ಇಟ್ಕೊಂಡು ಬರೋಕೆ ಹೇಳಿ, ಆ ಚೀಟಿ ನೋಡಿ ಅಲ್ಲಿನ ಕ್ಲಿನಿಕಲ್ಲಿ ಮುಂದಿನದ್ದು ಬೇಕಾ ಬೇಡ್ವಾ ಹೇಳ್ತಾರೆ.